ಏಟು ಕೊಟ್ಟವರು ಮಕ್ಕಳು, ಕಣ್ಣು ಮುಚ್ಚಿಕೊಂಡವರು ದೊಡ್ಡವರು

2009ರ ಡಿಸೆಂಬರ್ 3ರಂದು ಅಮೆರಿಕದ ಫಿಲಡೆಲ್ಫಿಯಾ ನಗರದ ಸೌತ್ ಫಿಲಡೆಲ್ಫಿಯಾ ಹೈಸ್ಕೂಲಿನಲ್ಲಿ ನಡೆದ ಘಟನೆ ಆ ದೇಶದ ಶಿಕ್ಷಣ ವಲಯವನ್ನೇ ತಲೆತಗ್ಗಿಸುವಂತೆ ಮಾಡಿತು. ಅಂದು ಬೆಳಗ್ಗಿನಿಂದ ಸಂಜೆಯ ತನಕ ಏಷ್ಯಾ ಮೂಲದ ವಿದ್ಯಾರ್ಥಿಗಳನ್ನು ಹುಡುಕಿ ಹುಡುಕಿ ಹೊಡೆಯಲಾಯಿತು. ಹಲ್ಲೆ ತರಗತಿ ಮತ್ತು ಕಾರಿಡಾರುಗಳಲ್ಲಿ ಆರಂಭವಾಯಿತು, ಮಧ್ಯಾಹ್ನ ಊಟದ ಹಾಲ್‌ಗೆ ವಿಸ್ತರಿಸಿತು, ಶಾಲೆ ಬಿಟ್ಟ ಮೇಲೆ ಬೀದಿಗೂ ಬಂತು. ಸುಮಾರು 30 ಮಂದಿ ಏಷ್ಯನ್ ವಿದ್ಯಾರ್ಥಿಗಳು ಪೆಟ್ಟು ತಿಂದರು. ಅವರಲ್ಲಿ 13 ಮಂದಿಯನ್ನು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕಳುಹಿಸಬೇಕಾಯಿತು. ಹೊಡೆದವರು ಹೊರಗಿನ ಗೂಂಡಾಗಳಲ್ಲ, ಅದೇ ಶಾಲೆಯ ಸಹಪಾಠಿಗಳು. ಅವರಲ್ಲಿ ಹೆಚ್ಚಿನವರು ಆಫ್ರಿಕನ್ ಅಮೆರಿಕನ್ ಸಮುದಾಯದ ಹದಿಹರೆಯದವರು.

ವರ್ಣಭೇದವೆಂದರೆ ಬಿಳಿಯರು ಕಪ್ಪು ವರ್ಣೀಯರಿಗೆ ಮಾಡುವ ಅನ್ಯಾಯ ಎಂದಷ್ಟೇ ತಿಳಿದುಕೊಂಡ ನಮಗೆ ಈ ಸುದ್ದಿ ಗೊಂದಲ ಹುಟ್ಟಿಸುತ್ತದೆ. ಇಲ್ಲಿ ಹೊಡೆದವರೂ ಬಡವರು, ಹೊಡೆಸಿಕೊಂಡವರೂ ಬಡವರು. ಒಬ್ಬರು ತಲೆತಲಾಂತರದಿಂದ ತಾರತಮ್ಯ ಉಂಡವರು, ಇನ್ನೊಬ್ಬರು ನಿನ್ನೆ ಮೊನ್ನೆ ವಿಮಾನ ಇಳಿದು ಬಂದ ವಲಸಿಗರ ಮಕ್ಕಳು. ಹಾಗಾದರೆ ತಪ್ಪು ಯಾರದ್ದು? ಈ ಪ್ರಶ್ನೆಗೆ ಅಲ್ಲಿನ ವಿದ್ಯಾರ್ಥಿಗಳೇ ಕೊಟ್ಟ ಉತ್ತರ ಇಂದಿಗೂ ವಿಚಾರಾರ್ಹವಾಗಿದೆ. ಶಾಲೆ, ಹಾಸ್ಟೆಲು, ಯುವ ಸಂಘಟನೆಗಳ ಹೊಣೆ ಹೊತ್ತಿರುವ ನಾವೆಲ್ಲರೂ ಅದನ್ನು ಕೇಳಿಸಿಕೊಳ್ಳಬೇಕಾಗಿದೆ.

ವಲಸಿಗರ ಬಡಾವಣೆ, ವಲಸಿಗರ ಶಾಲೆ

ದಕ್ಷಿಣ ಫಿಲಡೆಲ್ಫಿಯಾ ನೂರು ವರ್ಷಗಳಿಂದಲೂ ಬಂದವರ ಊರು. ಒಂದು ಕಾಲಕ್ಕೆ ಇಟಲಿಯವರು, ಯಹೂದ್ಯರು, ಐರಿಷರು ಅಲ್ಲಿ ನೆಲೆಸಿದರು. ಅಮೆರಿಕದ ದಕ್ಷಿಣದ ರಾಜ್ಯಗಳಿಂದ ಕಪ್ಪು ವರ್ಣೀಯರು ಕೆಲಸ ಅರಸಿ ಬಂದರು. 1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದ ಮೇಲೆ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್ ದೇಶಗಳ ನಿರಾಶ್ರಿತರು ಬಂದರು. ಅನಂತರ ಚೀನಾದಿಂದ ಬಂದ ಕುಟುಂಬಗಳೂ ಸೇರಿಕೊಂಡವು.

ಈ ಶಾಲೆಗೆ ಒಂದು ಹೆಮ್ಮೆಯ ಚರಿತ್ರೆಯೂ ಇದೆ. ಜಗತ್ಪ್ರಸಿದ್ಧ ಗಾಯಕಿ ಮೇರಿಯನ್ ಆಂಡರ್ಸನ್ 1921ರಲ್ಲಿ ಇಲ್ಲಿಯೇ ಶಿಕ್ಷಣ ಮುಗಿಸಿದವರು. ಚರ್ಮದ ಬಣ್ಣದ ಕಾರಣಕ್ಕೆ 1939ರಲ್ಲಿ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲ್‌ನಲ್ಲಿ ಹಾಡಲು ಅವರಿಗೆ ಅವಕಾಶ ನಿರಾಕರಿಸಲಾಯಿತು. ಅವರು ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಸುಮಾರು 75,000 ಜನರ ಮುಂದೆ ಹಾಡಿದರು. ಅಂಥ ಮಹಿಳೆ ಕಲಿತ ಶಾಲೆಯಲ್ಲಿಯೇ ಮುಖ ನೋಡಿ ಹೊಡೆಯುವ ದಿನ ಬಂತು. ಅನ್ಯಾಯ ಉಂಡ ಸಮುದಾಯದ ಮಕ್ಕಳು ತಾವಾಗಿಯೇ ನ್ಯಾಯ ಕಲಿತುಬಿಡುತ್ತಾರೆ ಎಂಬುದು ನಮ್ಮ ಭ್ರಮೆ. ಯಾರಾದರೂ ಕುಳಿತು ಕಲಿಸಿದರೆ ಮಾತ್ರ ಅವರೂ ಕಲಿಯುತ್ತಾರೆ.

2009ರ ಹೊತ್ತಿಗೆ ಶಾಲೆಯಲ್ಲಿ ಬಹುಸಂಖ್ಯಾತರು ಆಫ್ರಿಕನ್ ಅಮೆರಿಕನ್ ಮಕ್ಕಳು. ಏಷ್ಯನ್ನರು ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ, ಅವರಲ್ಲಿ ಬಹಳಷ್ಟು ಮಂದಿಗೆ ಇಂಗ್ಲಿಷ್ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಅಪಾಯಕಾರಿ ಶಾಲೆಗಳೆಂದು ರಾಜ್ಯ ಸರಕಾರ ಗುರುತಿಸಿದ್ದ ಶಾಲೆಗಳ ಪಟ್ಟಿಯಲ್ಲಿ ಇದರ ಹೆಸರೂ ಇತ್ತು. ಮುಖ್ಯೋಪಾಧ್ಯಾಯರು ಬದಲಾಗುತ್ತಲೇ ಇದ್ದರು. ಒಬ್ಬರು ಮಕ್ಕಳ ಮುಖ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಬರುತ್ತಿದ್ದರು. ಯಜಮಾನನಿಲ್ಲದ ಮನೆಯಲ್ಲಿ ಶಿಸ್ತು ಎಲ್ಲಿಂದ ಬರಬೇಕು?

ಒಂದು ದಿನದ ಸಿಟ್ಟಲ್ಲ

ಡಿಸೆಂಬರ್ 3ರ ಹಲ್ಲೆಗೆ ಕಿಡಿ ಹಚ್ಚಿದ್ದು ಹಿಂದಿನ ದಿನದ ಒಂದು ಜಗಳ ಮತ್ತು ಅದರ ಸುತ್ತ ಹಬ್ಬಿದ ಗಾಳಿಸುದ್ದಿ. ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಯೊಬ್ಬನಿಗೆ ವಿಯೆಟ್ನಾಮಿನ ಹುಡುಗರು ಹೊಡೆದರಂತೆ ಎಂಬ ಗುಲ್ಲು ರಾತ್ರಿ ಬೆಳಗಾಗುವುದರೊಳಗೆ ಶಾಲೆಯಿಡೀ ಹರಡಿತು. ಮರುದಿನ ಪೆಟ್ಟು ತಿಂದವರಲ್ಲಿ ಅನೇಕರಿಗೆ ಆ ಜಗಳದ ಸಂಗತಿಯೇ ಗೊತ್ತಿರಲಿಲ್ಲ. ಚೀನಾದವನೋ ವಿಯೆಟ್ನಾಮಿನವನೋ ಎಂದು ಯಾರೂ ವಿಚಾರಿಸಲಿಲ್ಲ. ಮುಖವೊಂದೇ ಸಾಕಾಯಿತು.

ಆದರೆ ಗಾಳಿಸುದ್ದಿಗೆ ಬೆಂಕಿ ಹೊತ್ತಿಕೊಳ್ಳಬೇಕಾದರೆ ಒಣ ಹುಲ್ಲು ಮೊದಲೇ ಬಿದ್ದಿರಬೇಕು. ಅದು ವರ್ಷಗಳಿಂದ ಬಿದ್ದಿತ್ತು. 2008ರ ಅಕ್ಟೋಬರ್‌ನಲ್ಲಿಯೂ ಇದೇ ಶಾಲೆಯ ಏಷ್ಯನ್ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೆದಿತ್ತು. ಆಗ ವೇಯ್ ಚೆನ್ ಎಂಬ ಚೀನೀ ವಿದ್ಯಾರ್ಥಿ ತನ್ನವರನ್ನು ಸೇರಿಸಿ ವಿದ್ಯಾರ್ಥಿ ಸಂಘವೊಂದನ್ನು ಕಟ್ಟಿದ್ದ. ದೂರುಗಳು ಹೋಗಿದ್ದವು, ಸಭೆಗಳು ನಡೆದಿದ್ದವು, ಭರವಸೆಗಳೂ ಸಿಕ್ಕಿದ್ದವು. ಬದಲಾದದ್ದು ಮಾತ್ರ ಏನೂ ಇಲ್ಲ.

ಅನಂತರ ಸಲ್ಲಿಕೆಯಾದ ದೂರಿನಲ್ಲಿ ಇನ್ನೂ ನೋವಿನ ಒಂದು ಅಂಶವಿತ್ತು. ಅವಹೇಳನ ಮಾಡುತ್ತಿದ್ದವರು ಮಕ್ಕಳು ಮಾತ್ರವಲ್ಲ, ಶಾಲೆಯ ಸಿಬ್ಬಂದಿಯಲ್ಲಿಯೂ ಕೆಲವರು ಈ ಮಕ್ಕಳನ್ನು 'ಬ್ರೂಸ್ ಲೀ' ಎಂದು, ಕಾರ್ಟೂನಿನ ಹೆಸರಿಡಿದು ಕರೆಯುತ್ತಿದ್ದರು, 'ಇಂಗ್ಲಿಷ್ ಮಾತಾಡು' ಎಂದು ಗದರುತ್ತಿದ್ದರು ಎಂದು ಅದರಲ್ಲಿ ಹೇಳಲಾಗಿತ್ತು. ಪೆಟ್ಟು ತಿಂದು ದೂರು ಕೊಡಲು ಹೋದ ಮಗುವಿಗೆ ದುಭಾಷಿಯ ನೆರವು ಸಿಗುತ್ತಿರಲಿಲ್ಲ. ತನ್ನ ನೋವನ್ನು ತನಗೆ ಬಾರದ ಭಾಷೆಯಲ್ಲಿ ಬರೆದು ಕೊಡಬೇಕಾಗಿತ್ತು. ಹೊಡೆದವನು ನಿರರ್ಗಳವಾಗಿ ತನ್ನ ವಾದ ಹೇಳುತ್ತಿದ್ದ. ಹೀಗಾದಾಗ ಯಾವ ಕಚೇರಿಯಲ್ಲಾದರೂ ಗೆಲ್ಲುವುದು ಯಾರ ಮಾತು?

ಮನೆಯಲ್ಲಿಯೂ ಈ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ದಿನವಿಡೀ ದುಡಿದು ದಣಿದು ಬರುವ ತಂದೆ ತಾಯಿಗೆ, ಅದೂ ಇಂಗ್ಲಿಷ್ ಬಾರದವರಿಗೆ, ಇನ್ನೊಂದು ಚಿಂತೆ ಯಾಕೆ ಎಂದು ಸುಮ್ಮನಿರುತ್ತಿದ್ದರು. 'ಏಷ್ಯಾದ ಮಕ್ಕಳು ಸಾಧುಗಳು, ಓದುವವರು, ತಂಟೆಗೆ ಹೋಗದವರು' ಎಂಬ ಹೊಗಳಿಕೆ ಅಮೆರಿಕದಲ್ಲಿ ಬಹಳ ಕೇಳಿಬರುತ್ತದೆ. ಆ ಹೊಗಳಿಕೆಯೂ ಒಂದು ಬಗೆಯ ಬೇಡಿಯೇ. ಸಾಧುವೆಂದು ಹೆಸರು ಪಡೆದವನು ಕೂಗಿಕೊಂಡರೂ ಯಾರೂ ಕಿವಿಗೊಡುವುದಿಲ್ಲ, ಅವನು ಮೌನವಾಗಿದ್ದರೆ ಎಲ್ಲವೂ ಸರಿಯಿದೆ ಎಂದೇ ದಾಖಲಾಗುತ್ತದೆ.

ಎಂಟು ದಿನಗಳ ಬಹಿಷ್ಕಾರ

ಹಲ್ಲೆಯ ಬಳಿಕ ಸುಮಾರು 50 ಮಂದಿ ಏಷ್ಯನ್ ವಿದ್ಯಾರ್ಥಿಗಳು ಎಂಟು ದಿನ ಶಾಲೆಗೆ ಹೋಗಲಿಲ್ಲ. ತರಗತಿ ತಪ್ಪಿಸಿದರೆ ಅಂಕ ಹೋದೀತು, ಕಾಲೇಜು ಸೇರಲು ತೊಂದರೆಯಾದೀತು ಎಂಬ ಭಯ ಅವರಿಗಿತ್ತು. ಆದರೂ ಅವರು ಹಿಂಜರಿಯಲಿಲ್ಲ. ವೇಯ್ ಚೆನ್ ಮತ್ತು ಅವನ ಸಂಗಾತಿಗಳು ಶಿಕ್ಷಣಾಧಿಕಾರಿಗಳ ಮುಂದೆ ನಿಂತು ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ನಡೆದುದನ್ನು ಹೇಳಿದರು. ಅವರ ಬೆನ್ನಿಗೆ ಏಷ್ಯನ್ ಅಮೆರಿಕನ್ಸ್ ಯುನೈಟೆಡ್ ಎಂಬ ಸ್ಥಳೀಯ ಸಂಸ್ಥೆ ನಿಂತಿತು. ಅದರ ಹೆಲೆನ್ ಗಿಮ್ ಮುಂದೆ 2015ರಲ್ಲಿ ನಗರಸಭೆಗೆ ಆಯ್ಕೆಯಾದರು.

ಆ ಮಕ್ಕಳ ಕೈಯಲ್ಲಿ ಸುಲಭದ ಒಂದು ಅಸ್ತ್ರವಿತ್ತು. 'ಕಪ್ಪು ವರ್ಣೀಯರೇ ಹಾಗೆ' ಎಂದು ಅವರು ಹೇಳಬಹುದಿತ್ತು. ಹಾಗೆ ಹೇಳಿದ್ದರೆ ಒಪ್ಪಿ ತಲೆದೂಗುವವರು ಅಮೆರಿಕದಲ್ಲಿ ಬಹಳ ಮಂದಿ ಸಿಗುತ್ತಿದ್ದರು, ಪತ್ರಿಕೆಗಳಿಗೂ ರೋಚಕ ತಲೆಬರಹ ಸಿಗುತ್ತಿತ್ತು. ಅವರು ಹಾಗೆ ಹೇಳಲಿಲ್ಲ. ತಮ್ಮ ದೂರು ಒಂದು ಜನಾಂಗದ ಮೇಲಲ್ಲ, ಹಿಂಸೆ ಗೊತ್ತಿದ್ದೂ ತಡೆಯದ ಹಿರಿಯರ ಮೇಲೆ ಎಂದರು. ಶಾಲೆ ಎಲ್ಲ ಮಕ್ಕಳಿಗೂ ಸುರಕ್ಷಿತವಾಗಬೇಕು ಎಂದರು. ಪೆಟ್ಟಿನ ಗಾಯ ಇನ್ನೂ ಹಸಿಯಾಗಿರುವಾಗ ಹದಿನೇಳು ಹದಿನೆಂಟರ ಹರೆಯದವರು ಇಷ್ಟು ವಿವೇಕ ತೋರಿದ್ದು ಸಣ್ಣ ಮಾತಲ್ಲ.

ಇದರ ಅರ್ಥ ಹೊಡೆದವರು ನಿರಪರಾಧಿಗಳು ಎಂದಲ್ಲ. ಕೈ ಎತ್ತಿದವನು ತನ್ನ ಕೃತ್ಯಕ್ಕೆ ಹೊಣೆಗಾರನೇ, ಅವನಿಗೆ ಶಿಸ್ತು ಕ್ರಮ ಆಗಲೇಬೇಕು. ಆದರೆ ಒಬ್ಬ ಹುಡುಗನನ್ನು ಅಮಾನತು ಮಾಡಿದರೆ ಒಂದು ಜಗಳ ನಿಂತೀತೇ ಹೊರತು, ಜಗಳ ಹುಟ್ಟಿಸುವ ವಾತಾವರಣ ಅಲ್ಲೇ ಉಳಿಯುತ್ತದೆ.

ಕಾನೂನು ಹೇಳಿದ್ದೇನು?

2010ರ ಜನವರಿಯಲ್ಲಿ ಏಷ್ಯನ್ ಅಮೆರಿಕನ್ ಕಾನೂನು ನೆರವು ಸಂಸ್ಥೆಯೊಂದು ವಿದ್ಯಾರ್ಥಿಗಳ ಪರವಾಗಿ ಅಮೆರಿಕದ ನ್ಯಾಯ ಇಲಾಖೆಗೆ ದೂರು ಸಲ್ಲಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಮುಖ್ಯೋಪಾಧ್ಯಾಯಿನಿ ಹುದ್ದೆ ಬಿಟ್ಟರು. ಆಗಸ್ಟ್‌ನಲ್ಲಿ ಇಲಾಖೆಯು ದೂರಿನಲ್ಲಿ ಹುರುಳಿದೆ ಎಂದು ತಿಳಿಸಿತು. 2010ರ ಡಿಸೆಂಬರ್‌ನಲ್ಲಿ, ಹಲ್ಲೆ ನಡೆದು ವರ್ಷ ತುಂಬಿದ ಹೊತ್ತಿಗೆ, ಶಾಲಾ ಆಡಳಿತವು ನ್ಯಾಯ ಇಲಾಖೆ ಮತ್ತು ಪೆನ್ಸಿಲ್ವೇನಿಯಾದ ಮಾನವ ಸಂಬಂಧಗಳ ಆಯೋಗದೊಂದಿಗೆ ಒಪ್ಪಂದಕ್ಕೆ ಬಂತು.

ಇಲ್ಲಿ ಒಂದು ಕಾನೂನಿನ ತತ್ವವನ್ನು ಗಮನಿಸಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಜನಾಂಗ, ಬಣ್ಣ, ಮೂಲದೇಶದ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ಆದರೆ ತಾರತಮ್ಯ ಮಾಡಿದವನು ಶಿಕ್ಷಕನಲ್ಲ, ಇನ್ನೊಬ್ಬ ವಿದ್ಯಾರ್ಥಿ ಎಂದಾದರೆ ಶಾಲೆ ಹೊಣೆಯೇ? 1999ರಲ್ಲಿ ಡೇವಿಸ್ ವಿರುದ್ಧ ಮನ್ರೋ ಕೌಂಟಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದಕ್ಕೆ ಸಮೀಪದ ಪ್ರಶ್ನೆಯನ್ನು ಎದುರಿಸಿತ್ತು. ಅದು ವಿದ್ಯಾರ್ಥಿನಿಯೊಬ್ಬಳಿಗೆ ಸಹಪಾಠಿಯಿಂದ ಆದ ಲೈಂಗಿಕ ಕಿರುಕುಳದ ಪ್ರಕರಣ. ಕಿರುಕುಳ ತೀವ್ರವಾಗಿದ್ದು, ಆಡಳಿತಕ್ಕೆ ಅದು ಗೊತ್ತಿದ್ದೂ ಉದ್ದೇಶಪೂರ್ವಕವಾಗಿ ನಿರ್ಲಕ್ಷಿಸಿದರೆ ಶಾಲೆಯೂ ಹೊಣೆ ಹೊರಬೇಕು ಎಂದು ನ್ಯಾಯಾಲಯ ಹೇಳಿತು. ಜನಾಂಗೀಯ ಕಿರುಕುಳಕ್ಕೂ ಇದೇ ಅಳತೆಗೋಲು ಬಳಕೆಗೆ ಬಂತು. 'ಮಕ್ಕಳ ಜಗಳ, ನಾವೇನು ಮಾಡೋಣ?' ಎಂದು ಕೈ ತೊಳೆದುಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು.

ಒಪ್ಪಂದದ ಅಂಶಗಳು ಸರಳವಾಗಿದ್ದವು. ಜನಾಂಗೀಯ ಕಿರುಕುಳದ ವಿಷಯದಲ್ಲಿ ಪರಿಣತರೊಬ್ಬರನ್ನು ನೇಮಿಸಬೇಕು, ತಡೆಗಟ್ಟುವ ಯೋಜನೆಯೊಂದನ್ನು ರೂಪಿಸಬೇಕು, ಶಿಕ್ಷಕರು, ಸಿಬ್ಬಂದಿ, ವಿದ್ಯಾರ್ಥಿಗಳು ಎಲ್ಲರಿಗೂ ತರಬೇತಿ ಕೊಡಬೇಕು, ಪ್ರತಿ ದೂರಿನ ತನಿಖೆಯನ್ನೂ ಕೈಗೊಂಡ ಕ್ರಮವನ್ನೂ ಬರೆದಿಡಬೇಕು, ವರ್ಷಕ್ಕೊಮ್ಮೆ ಇಲಾಖೆಗೆ ವರದಿ ಒಪ್ಪಿಸಬೇಕು. ಬರೆದಿಡಬೇಕು ಎಂಬ ಅಂಶ ನೋಡಲು ಚಿಕ್ಕದು, ಅದರ ಪರಿಣಾಮ ದೊಡ್ಡದು. ಬರೆದಿಡದ ದೂರು ಮುಂದಿನ ಮುಖ್ಯೋಪಾಧ್ಯಾಯರು ಬರುವಷ್ಟರಲ್ಲಿ ಇಲ್ಲದ ದೂರಾಗಿಬಿಡುತ್ತದೆ.

2010ರಲ್ಲಿ ಓಟಿಸ್ ಹ್ಯಾಕ್ನಿ ಎಂಬ ಹೊಸ ಮುಖ್ಯೋಪಾಧ್ಯಾಯರು ಬಂದರು. ಆಫ್ರಿಕನ್ ಅಮೆರಿಕನ್ ಸಮುದಾಯದವರಾದ ಅವರ ಕಾಲದಲ್ಲಿ ಶಾಲೆಯ ವಾತಾವರಣ ಸುಧಾರಿಸಿತು. ವೇಯ್ ಚೆನ್‌ಗೆ 2013ರಲ್ಲಿ ಪೀಸ್ ಫಸ್ಟ್ ಪ್ರಶಸ್ತಿ ಬಂತು. ಆತ ಏಷ್ಯನ್ ಅಮೆರಿಕನ್ಸ್ ಯುನೈಟೆಡ್ ಸಂಸ್ಥೆಯಲ್ಲೇ ಸಂಘಟಕನಾದ.

ರೋಗ ಮರುಕಳಿಸಿತು

ಆದರೆ ಇಂಥ ರೋಗಕ್ಕೆ ಒಮ್ಮೆ ಮದ್ದು ಕೊಟ್ಟರೆ ಸಾಲದು. 2020ರಲ್ಲಿ ಕೋವಿಡ್ ಹರಡಿದಾಗ ಅದು 'ಚೀನೀ ವೈರಸ್' ಎಂಬ ಮಾತು ದೊಡ್ಡವರ ಬಾಯಿಂದಲೇ ಬಂತು. ದೊಡ್ಡವರು ವೇದಿಕೆಯಲ್ಲಿ ಆಡಿದ್ದನ್ನು ಮಕ್ಕಳು ಆಟದ ಮೈದಾನದಲ್ಲಿ ಆಡುತ್ತಾರೆ. ಏಷ್ಯಾ ಮೂಲದವರ ಮೇಲಿನ ಹಲ್ಲೆ, ನಿಂದನೆಗಳು ದೇಶದೆಲ್ಲೆಡೆ ವರದಿಯಾದವು. ಅವನ್ನು ದಾಖಲಿಸಲು ಅದೇ ವರ್ಷದ ಮಾರ್ಚ್‌ನಲ್ಲಿ ಸ್ಟಾಪ್ ಎಎಪಿಐ ಹೇಟ್ ಎಂಬ ವೇದಿಕೆ ಹುಟ್ಟಿತು. 2021ರ ಮೇ ತಿಂಗಳಲ್ಲಿ ಕೋವಿಡ್ ದ್ವೇಷಾಪರಾಧಗಳ ಕುರಿತ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು.

ಅದೇ ವರ್ಷದ ನವೆಂಬರ್ 17ರಂದು ಫಿಲಡೆಲ್ಫಿಯಾದ ಬ್ರಾಡ್ ಸ್ಟ್ರೀಟ್ ಭೂಗತ ರೈಲಿನಲ್ಲಿ ಏಷ್ಯನ್ ವಿದ್ಯಾರ್ಥಿಗಳ ಮೇಲೆ ಹದಿಹರೆಯದ ನಾಲ್ವರು ಹುಡುಗಿಯರು ಹಲ್ಲೆ ಮಾಡಿದರು. ಕಿರಿಯರಿಗೆ ಹೊಡೆಯುವುದನ್ನು ಕಂಡು ತಡೆಯಲು ಹೋದ ಹಿರಿಯ ವಿದ್ಯಾರ್ಥಿನಿಯೊಬ್ಬಳೂ ಪೆಟ್ಟು ತಿಂದಳು. ಬೋಗಿಯಲ್ಲಿ ಬೇರೆ ಪ್ರಯಾಣಿಕರೂ ಇದ್ದರು, ವಿಡಿಯೋ ತೆಗೆಯುವ ಫೋನುಗಳೂ ಇದ್ದವು. ದೇಶವೆಲ್ಲ ನೋಡಿದ್ದು ಆ ವಿಡಿಯೋವನ್ನೇ. ಆರೋಪಿಗಳ ಮೇಲೆ ಜನಾಂಗೀಯ ಬೆದರಿಕೆಯ ಆರೋಪವನ್ನೂ ಹೊರಿಸಲಾಯಿತು. ಸೌತ್ ಫಿಲಡೆಲ್ಫಿಯಾ ಹೈಸ್ಕೂಲು ಇರುವುದೂ ಅದೇ ಬ್ರಾಡ್ ಸ್ಟ್ರೀಟಿನ ಬದಿಯಲ್ಲಿ. ಹನ್ನೆರಡು ವರ್ಷಗಳಲ್ಲಿ ಒಂದು ಶಾಲೆ ಪಾಠ ಕಲಿತಿತ್ತು. ಹೊಸ ಪೀಳಿಗೆಯ ಮಕ್ಕಳಿಗೆ ಆ ಪಾಠ ತಲುಪಿರಲಿಲ್ಲ.

ನಮ್ಮ ಅಂಗಳದ ಮಾತು

ದೂರದ ಅಮೆರಿಕದ ಸುದ್ದಿ ಓದಿ 'ಅಯ್ಯೋ ಪಾಪ' ಎನ್ನುವುದು ಸುಲಭ. ಆದರೆ ಈ ವಿಷಯದಲ್ಲಿ ನಮ್ಮ ದೇಶದ ಲೆಕ್ಕಪುಸ್ತಕವೂ ಶುದ್ಧವಾಗಿಲ್ಲ. 2014ರ ಜನವರಿಯಲ್ಲಿ ದಿಲ್ಲಿಯ ಲಾಜಪತ್ ನಗರದಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನಿಡೊ ತನಿಯಾನ ತಲೆಗೂದಲನ್ನು ಗೇಲಿ ಮಾಡಿದ್ದು ಜಗಳಕ್ಕೆ ತಿರುಗಿತು. ಪೆಟ್ಟು ತಿಂದ ಆತ ಮರುದಿನ ತೀರಿಕೊಂಡ. ಆ ಬಳಿಕ ಕೇಂದ್ರ ಸರಕಾರ ನೇಮಿಸಿದ ಬೆಜ್‌ಬರುವಾ ಸಮಿತಿ ಅದೇ ವರ್ಷದ ಜುಲೈಯಲ್ಲಿ ವರದಿ ಕೊಟ್ಟು, ಜನಾಂಗೀಯ ನಿಂದನೆಯನ್ನು ಪ್ರತ್ಯೇಕ ಅಪರಾಧವಾಗಿಸಬೇಕೆಂದು ಶಿಫಾರಸು ಮಾಡಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗುಂಪು ಹತ್ಯೆಯ ಕಲಮಿನಲ್ಲಿ ಜನಾಂಗ, ಭಾಷೆ, ಹುಟ್ಟಿದ ಸ್ಥಳದ ಪ್ರಸ್ತಾಪ ಇದೆ. ಸಮಿತಿ ಸೂಚಿಸಿದ ಪ್ರತ್ಯೇಕ ಕಲಮುಗಳು ಮಾತ್ರ ಅದರಲ್ಲಿ ಸೇರಲಿಲ್ಲ.

ಕರ್ನಾಟಕವೂ ಹೊರತಲ್ಲ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ಗಾಳಿಸುದ್ದಿ ಹಬ್ಬಿ, ಬೆಂಗಳೂರಿನಿಂದ ಸಾವಿರಾರು ವಿದ್ಯಾರ್ಥಿಗಳು, ಕಾರ್ಮಿಕರು ಗುವಾಹಟಿಯ ರೈಲು ಹತ್ತಿದರು. ಸಾಮೂಹಿಕ ಎಸ್ಸೆಮ್ಮೆಸ್‌ಗಳಿಗೆ ಸರಕಾರ 15 ದಿನ ತಡೆ ಹಾಕಬೇಕಾಯಿತು. 2014ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕೊತ್ತನೂರಿನಲ್ಲಿ ಕನ್ನಡ ಮಾತಾಡಲಿಲ್ಲ ಎಂದು ಮಣಿಪುರದ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೆದ ವರದಿ ಬಂತು. ಫಿಲಡೆಲ್ಫಿಯಾದಲ್ಲಿ 'ಇಂಗ್ಲಿಷ್ ಮಾತಾಡು' ಎಂದು ಗದರಿದ ದನಿಗೂ ಇದಕ್ಕೂ ಏನು ವ್ಯತ್ಯಾಸ?

ಕರಾವಳಿಯ ಕಾಲೇಜುಗಳಿಗೂ ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್‌ಗಳ ಯುವಕ ಯುವತಿಯರು ಕಲಿಯಲು ಬರುತ್ತಾರೆ. ಅವರನ್ನು 'ಚಿಂಕಿ' ಎಂದೋ 'ನೇಪಾಳಿ' ಎಂದೋ 'ಮೊಮೊ' ಎಂದೋ ಕರೆಯುವುದನ್ನು ನಾವು ತಮಾಷೆ ಎಂದುಕೊಳ್ಳುತ್ತೇವೆ. ಯುಜಿಸಿಯ ರ‍್ಯಾಗಿಂಗ್ ವಿರೋಧಿ ನಿಯಮಗಳಿಗೆ 2016ರಲ್ಲಿ ತಂದ ತಿದ್ದುಪಡಿ ಇದನ್ನು ತಮಾಷೆ ಎಂದು ಪರಿಗಣಿಸುವುದಿಲ್ಲ. ಬಣ್ಣ, ಜನಾಂಗ, ಪ್ರದೇಶ, ಭಾಷೆಯ ಆಧಾರದಲ್ಲಿ ವಿದ್ಯಾರ್ಥಿಯೊಬ್ಬನಿಗೆ ನೀಡುವ ದೈಹಿಕ ಅಥವಾ ಮಾನಸಿಕ ಹಿಂಸೆ, ಅವನನ್ನು ದೂರವಿಡುವುದು ಸಹ, ರ‍್ಯಾಗಿಂಗ್ ಎಂದೇ ಅದು ಹೇಳುತ್ತದೆ.

ಇನ್ನೊಂದು ಮುಖವೂ ಇದೆ. ನಮ್ಮ ಮನೆಗಳ ಮಕ್ಕಳು, ಮೊಮ್ಮಕ್ಕಳು ಇಂದು ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳ ಶಾಲೆಗಳಲ್ಲಿ ಕುಳಿತಿದ್ದಾರೆ. ಅಲ್ಲಿ ಅವರೂ ಏಷ್ಯನ್ನರೇ. ಅವರ ಊಟದ ಡಬ್ಬಿಯ ವಾಸನೆಗೆ, ಉಚ್ಚಾರಕ್ಕೆ, ಮೈಬಣ್ಣಕ್ಕೆ ಯಾರಾದರೂ ನಕ್ಕರೆ ನಮಗೆ ಕರುಳು ಚುರ್ರೆನ್ನುತ್ತದೆ. ಅದೇ ಕರುಳು ಐಜಾಲ್‌ನಿಂದಲೋ ಇಂಫಾಲದಿಂದಲೋ ಬಂದ ಮಗುವಿನ ತಾಯಿಗೂ ಇದೆಯಲ್ಲವೇ?

ಮಾಡಬಹುದಾದದ್ದು

ಫಿಲಡೆಲ್ಫಿಯಾದ ಪ್ರಕರಣದಿಂದ ನಮ್ಮ ಮುಖ್ಯೋಪಾಧ್ಯಾಯರು, ಪ್ರಾಂಶುಪಾಲರು, ಹಾಸ್ಟೆಲ್ ವಾರ್ಡನ್‌ಗಳು, ಯುವ ಸಂಘಟನೆಯ ಮಾರ್ಗದರ್ಶಕರು ಕೆಲವು ಸಂಗತಿಗಳನ್ನು ಎತ್ತಿಕೊಳ್ಳಬಹುದು.

ಮೊದಲನೆಯದು, ಅಡ್ಡಹೆಸರನ್ನು ಅಲ್ಲಿಯೇ ತಡೆಯುವುದು. ಹಲ್ಲೆ ಎಂದೂ ಹಲ್ಲೆಯಿಂದ ಶುರುವಾಗುವುದಿಲ್ಲ, ಅಡ್ಡಹೆಸರಿನಿಂದ ಶುರುವಾಗುತ್ತದೆ. ಶಿಕ್ಷಕರೇ ಆ ಹೆಸರಿಗೆ ನಕ್ಕರೆ ಮಕ್ಕಳಿಗೆ ಅಪ್ಪಣೆ ಸಿಕ್ಕಂತೆ.

ಎರಡನೆಯದು, ಮಗು ತನಗೆ ಬರುವ ಭಾಷೆಯಲ್ಲಿ ದೂರು ಹೇಳಲು ಅವಕಾಶ ಕೊಡುವುದು, ಅದನ್ನು ದಿನಾಂಕ ಹಾಕಿ ಬರೆದಿಡುವುದು. ಪಕ್ಕದ ಕೋಣೆಯ ಅದೇ ಊರಿನ ಹಿರಿಯ ವಿದ್ಯಾರ್ಥಿಯೊಬ್ಬ ದುಭಾಷಿಯಾಗಬಲ್ಲ, ಅದಕ್ಕೆ ಹಣ ಬೇಕಾಗಿಲ್ಲ.

ಮೂರನೆಯದು, ಇಬ್ಬರನ್ನೂ ಎದುರು ನಿಲ್ಲಿಸಿ 'ಕೈಕುಲುಕಿ, ಮುಗಿಸಿ' ಎನ್ನುವ ಅವಸರದ ರಾಜಿಯನ್ನು ಬಿಡುವುದು. ಸಮಬಲರ ನಡುವೆ ರಾಜಿ ಆದೀತು. ಹತ್ತು ಮಂದಿ ಸೇರಿ ಒಬ್ಬನಿಗೆ ಹೊಡೆದಾಗ ಅದು ಜಗಳವಲ್ಲ. ಮೊದಲು ಪೆಟ್ಟು ತಿಂದವನಿಗೆ ರಕ್ಷಣೆ ಸಿಗಬೇಕು.

ನಾಲ್ಕನೆಯದು, ಗುಲ್ಲು ಕಿವಿಗೆ ಬಿದ್ದ ದಿನವೇ ಎಲ್ಲ ತರಗತಿಗಳಿಗೆ ಸತ್ಯ ಸಂಗತಿ ತಿಳಿಸುವುದು. ಡಿಸೆಂಬರ್ 2 ಮತ್ತು 3ರ ನಡುವೆ ಫಿಲಡೆಲ್ಫಿಯಾದ ಶಾಲೆಗೆ ಒಂದು ರಾತ್ರಿಯ ಸಮಯವಿತ್ತು. ಮೊಬೈಲ್ ಕೈಯಲ್ಲಿರುವ ಇಂದಿನ ಮಕ್ಕಳ ನಡುವೆ ನಮಗೆ ಅಷ್ಟೂ ಸಿಗುವುದಿಲ್ಲ.

ಐದನೆಯದು, ಹೊಡೆದ ಮಗುವನ್ನೂ ಕೈಬಿಡದಿರುವುದು. ಅವನ ಮನೆಯಲ್ಲಿ ಯಾವ ಮಾತು ನಡೆಯುತ್ತದೆ, ಯಾರ ಸಿಟ್ಟನ್ನು ಅವನು ಶಾಲೆಗೆ ಹೊತ್ತು ತರುತ್ತಾನೆ ಎಂದು ವಿಚಾರಿಸಬೇಕು. ಶಿಕ್ಷೆಯ ಜೊತೆಗೆ ಈ ವಿಚಾರಣೆಯೂ ನಡೆಯದಿದ್ದರೆ ಮುಂದಿನ ವರ್ಷ ಇನ್ನೊಬ್ಬನ ಸರದಿ.

ಪ್ರತಿ ಜೂನ್ ತಿಂಗಳಲ್ಲಿ ಶಾಲೆ ಕಾಲೇಜುಗಳು ತೆರೆಯುವಾಗ ಶುಲ್ಕ, ಸಮವಸ್ತ್ರ, ವೇಳಾಪಟ್ಟಿಗಳ ಕುರಿತು ಸಭೆ ನಡೆಸುತ್ತೇವೆ. ಆ ಸಭೆಯಲ್ಲಿಯೇ ಅರ್ಧ ಗಂಟೆ ಈ ವಿಷಯಕ್ಕೆ ಮೀಸಲಿಡೋಣ. ದೂರದ ಊರಿನಿಂದ ಬಂದ ಮಕ್ಕಳು ಎಷ್ಟು ಮಂದಿ, ಅವರು ಊಟಕ್ಕೆ ಯಾರ ಜೊತೆ ಕೂರುತ್ತಾರೆ, ತೊಂದರೆಯಾದರೆ ಯಾರ ಬಾಗಿಲು ತಟ್ಟಬೇಕೆಂದು ಅವರಿಗೆ ಗೊತ್ತಿದೆಯೇ ಎಂದು ಕೇಳೋಣ. ಫಿಲಡೆಲ್ಫಿಯಾದ ಮಕ್ಕಳು ನ್ಯಾಯ ಪಡೆಯಲು ಎಂಟು ದಿನ ಶಾಲೆ ಬಿಟ್ಟು ಹೊರಗೆ ನಿಲ್ಲಬೇಕಾಯಿತು. ನಮ್ಮಲ್ಲಿರುವ ಮಕ್ಕಳಿಗೆ ಆ ಸ್ಥಿತಿ ಬಾರದಿರಲಿ.